ಪುನರುತ್ಥಾನದ ಚರ್ಚೆ: ಸಂದೇಹವಾದಿಗಳ ಮುಂದೆ ಯಾವ ವಾದ ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಹೊಸಓದುಗ (ಪ್ರಶ್ನೆ):

ನಮ್ಮ ಸಭೆಯ ಯುವಕರಿಗೂ ವಿಚಾರವಾದಿ ಬಳಗವೊಂದಕ್ಕೂ ಮುಂದಿನ ತಿಂಗಳು, ಯೇಸು ಸತ್ತು ಎದ್ದುಬಂದನೇ ಎಂಬುದರ ಬಗ್ಗೆ ಬಹಿರಂಗ ಚರ್ಚೆ ಇದೆ. ಎರಡೂ ಕಡೆಯವರಿಗೆ ತಲಾ 20 ನಿಮಿಷ, ಆಮೇಲೆ ಸಭಿಕರ ಪ್ರಶ್ನೆ. ನಮ್ಮ ಟಿಪ್ಪಣಿಯಲ್ಲಿ ಸದ್ಯಕ್ಕೆ ನಾಲ್ಕು ಅಂಶಗಳಿವೆ. ಯೇಸುವೇ ಕ್ರಿಸ್ತನೆಂದು ಯೆಹೂದಿ ಚರಿತ್ರೆಕಾರ ಜೋಸೀಫಸನೇ ಬರೆದಿದ್ದಾನೆ. ಹೊಸ ಒಡಂಬಡಿಕೆಗೆ 5,000ಕ್ಕೂ ಹೆಚ್ಚು ಗ್ರೀಕ್ ಹಸ್ತಪ್ರತಿಗಳಿವೆ. ಎದ್ದುಬಂದ ಯೇಸುವನ್ನು 500 ಜನ ಕಂಡರು. ಅಪೊಸ್ತಲರೆಲ್ಲರೂ (ಯೇಸುವಿನ ಪ್ರಮುಖ ಶಿಷ್ಯರು) ಇದಕ್ಕಾಗಿ ಪ್ರಾಣ ಕೊಟ್ಟರು. ಹಳೆಯ ಒಡಂಬಡಿಕೆಯಲ್ಲಿ ದೇವರ ಆಜ್ಞೆಯಂತೆ ಆಯಿತೆನ್ನುವ ಕಾನಾನ್ಯರ ಸಂಹಾರ ಮತ್ತು ಗುಲಾಮಗಿರಿಯ ಬಗ್ಗೆ ಕೇಳಿಯೇ ಕೇಳುತ್ತೇವೆ ಎಂದು ಎದುರಿನವರು ಮೊದಲೇ ತಿಳಿಸಿದ್ದಾರೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಯಾವ ಕ್ರಮದಲ್ಲಿ ಹೇಳಬೇಕು?

ಕಲ್ಲಚ್ಚು:

ಜೋಸೀಫಸನಿಂದ ಶುರು ಮಾಡಿದರೆ ಐದನೇ ನಿಮಿಷಕ್ಕೇ ಸಿಕ್ಕಿಬೀಳುತ್ತೀರಿ. ಕ್ರಿ.ಶ. 93ರ ಸುಮಾರಿಗೆ ಅವನು ಬರೆದ ಯೆಹೂದ್ಯರ ಚರಿತ್ರೆಯಲ್ಲಿ ಯೇಸುವಿನ ಮಾತು ಎರಡು ಕಡೆ ಬರುತ್ತದೆ. 18ನೇ ಪುಸ್ತಕದ ದೊಡ್ಡ ಭಾಗದಲ್ಲಿ ‘ಈತನೇ ಕ್ರಿಸ್ತ’, ‘ಮೂರನೆಯ ದಿನ ಜೀವಂತನಾಗಿ ಕಾಣಿಸಿಕೊಂಡ’ ಎಂದಿದೆ. ಇದನ್ನು ಬರೆದವನು ಕೊನೆಯವರೆಗೂ ಯೆಹೂದಿಯಾಗಿಯೇ ಉಳಿದ. ಜೋಸೀಫಸ್ ಯೇಸುವನ್ನು ಕ್ರಿಸ್ತನೆಂದು ಒಪ್ಪಲಿಲ್ಲ ಎಂದು 3ನೇ ಶತಮಾನದ ಸಭಾಪಿತೃ ಒರಿಗೆನನೇ ಹೇಳಿದ್ದಾನೆ. ಈ ಭಾಗವನ್ನು ಈಗಿರುವ ರೂಪದಲ್ಲಿ ಮೊದಲು ಉದ್ಧರಿಸಿದವನು 4ನೇ ಶತಮಾನದ ಸಭಾ ಚರಿತ್ರೆಕಾರ ಯೂಸೇಬಿಯಸ್. ಹಾಗಾಗಿ ಮೂಲದಲ್ಲಿ ಒಂದು ಸಣ್ಣ ಪ್ರಸ್ತಾಪ ಇತ್ತು, ಕ್ರೈಸ್ತ ನಕಲುಗಾರರು ಅದಕ್ಕೆ ಸೇರಿಸಿದರು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪೂರ್ತಿ ಸೇರ್ಪಡೆಯೇ ಎನ್ನುವವರೂ ಇದ್ದಾರೆ.

ಅದನ್ನು ಬಿಟ್ಟು 20ನೇ ಪುಸ್ತಕಕ್ಕೆ ಹೋಗಿ. ಕ್ರಿ.ಶ. 62ರಲ್ಲಿ ರೋಮನ್ ಅಧಿಪತಿ ಫೆಸ್ತ ಸತ್ತು ಹೊಸಬ ಇನ್ನೂ ಬಂದಿರದಾಗ, ‘ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ’ ಯಾಕೋಬನನ್ನು ಮಹಾಯಾಜಕ ಅನ್ನಾನ ಕಲ್ಲೆಸೆದು ಕೊಲ್ಲಿಸಿದ ಎಂದು ಅಲ್ಲಿದೆ. ಹೊಗಳಿಕೆ ಇಲ್ಲ, ಪವಾಡ ಇಲ್ಲ. ಒಬ್ಬ ಮಹಾಯಾಜಕ ಪದವಿ ಕಳೆದುಕೊಂಡ ಕಾರಣ ಹೇಳುವಾಗ ಹಾದುಹೋಗುವ ಮಾತು. ಅದಕ್ಕೇ ಅದು ಗಟ್ಟಿ. ಇದರ ಪಕ್ಕಕ್ಕೆ ರೋಮನ್ ಚರಿತ್ರೆಕಾರ ಟ್ಯಾಸಿಟಸ್ (ಸುಮಾರು 116): ಚಕ್ರವರ್ತಿ ತಿಬೇರಿಯನ ಆಳ್ವಿಕೆಯಲ್ಲಿ ರೋಮನ್ ಅಧಿಪತಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟ ಎನ್ನುತ್ತಾನೆ. ಅವನು ಪಿಲಾತನ ಹುದ್ದೆಯನ್ನು ‘ಪ್ರೊಕ್ಯುರೇಟರ್’ ಎಂದು ತಪ್ಪಾಗಿ ಹೇಳಿದ್ದಾನೆ ಎಂದು ಯಾರಾದರೂ ಎತ್ತಿದರೆ ಒಪ್ಪಿಕೊಳ್ಳಿ. 1961ರಲ್ಲಿ ಕೈಸರೈಯದಲ್ಲಿ ಸಿಕ್ಕ ಕಲ್ಬರಹದಲ್ಲಿ ಪಿಲಾತನಿಗೆ ‘ಪ್ರಿಫೆಕ್ಟ್’ ಎಂದೇ ಇದೆ; ಟ್ಯಾಸಿಟಸ್ ತನ್ನ ಕಾಲದ ಹುದ್ದೆಯ ಹೆಸರನ್ನು ಹಾಕಿದ್ದಾನೆ.

ಇವೆರಡರಿಂದ ಸಿಗುವುದು ಇಷ್ಟೇ: ಯೇಸು ಎಂಬವನಿದ್ದ, ಪಿಲಾತನ ಕೆಳಗೆ ಸತ್ತ, ಅವನ ತಮ್ಮನನ್ನು ಯೆರೂಸಲೇಮಿನಲ್ಲಿ ಕೊಂದರು. ಎದ್ದುಬಂದದ್ದಕ್ಕೆ ಇವು ಸಾಕ್ಷಿಯಲ್ಲ. ಹಾಗೆಂದು ನೀವೇ ಮೊದಲು ಹೇಳಿಬಿಡಿ.

ಹಸ್ತಪ್ರತಿಗಳ ಲೆಕ್ಕವೂ ಹೀಗೇ. 5,000ದ ಬಹುಪಾಲು 9ನೇ ಶತಮಾನದಿಂದ ಈಚಿನವು. ಯೋಹಾನ 18ರ ಕೆಲವು ಸಾಲಿರುವ, ಅಂಗೈಗಿಂತ ಚಿಕ್ಕ ತುಣುಕು ಮ್ಯಾಂಚೆಸ್ಟರಿನಲ್ಲಿದೆ. ಅದನ್ನು ‘125ರದ್ದು’ ಎಂದು ಖಚಿತವಾಗಿ ಹೇಳಬೇಡಿ; ಕೈಬರಹದ ಶೈಲಿ ನೋಡಿ ಹಾಕಿದ ಕಾಲ ಅದು, 2ನೇ ಶತಮಾನದ ಕೊನೆಯವರೆಗೂ ಹಿಗ್ಗಬಹುದು. ಎದ್ದುಬಂದ ಯೇಸು ಕಾಣಿಸಿಕೊಳ್ಳುವ ಮಾರ್ಕ 16:9–20 ಭಾಗ 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ಯೋಹಾನ 8ರ ವ್ಯಭಿಚಾರಿಣಿಯ ಪ್ರಸಂಗವೂ ಅವುಗಳಲ್ಲಿ ಇಲ್ಲ. ಪ್ರತಿಗಳು ಹೆಚ್ಚಿದ್ದರೆ ಮೂಲಪಾಠ ಏನಿತ್ತೆಂದು ಚೆನ್ನಾಗಿ ತಿಳಿಯುತ್ತದೆ. ಮೂಲದಲ್ಲಿ ಬರೆದದ್ದು ನಡೆದಿತ್ತೇ ಎನ್ನುವುದು ಬೇರೆ ಪ್ರಶ್ನೆ.

ಸಂಶಯಾತ್ಮ:

ನಾನು ಎದುರು ಪಾಳಯದವನು. ಮೇಲಿನ ಉತ್ತರದ ಬಗ್ಗೆ ತಕರಾರಿಲ್ಲ, ಆದರೆ ನಿಮ್ಮ ನಿಜವಾದ ಬಲ ಅದರಲ್ಲಿ ಬಂದಿಲ್ಲ. ಅದು 1 ಕೊರಿಂಥ 15:3–8, ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿ.

ಪೌಲ ಆ ಪತ್ರ ಬರೆದದ್ದು 53–55ರ ಸುಮಾರಿಗೆ. ‘ನಾನು ಹೊಂದಿದ್ದನ್ನೇ ನಿಮಗೆ ಒಪ್ಪಿಸಿದೆ’ ಎನ್ನುತ್ತಾನೆ, ಅಂದರೆ ಆ ಪಟ್ಟಿ ಅವನಿಗಿಂತ ಹಳೆಯದು. ಗಲಾತ್ಯ 1:18–19ರ ಪ್ರಕಾರ ಅವನು ಕೇಫನ (ಪೇತ್ರನ) ಜೊತೆ 15 ದಿನ ಇದ್ದ, ಯಾಕೋಬನನ್ನೂ ಕಂಡ. ಶಿಲುಬೆಯ ಘಟನೆ 30 ಅಥವಾ 33ರದ್ದಾದರೆ ಈ ಭೇಟಿ ಅದಾದ ಕೆಲವೇ ವರ್ಷಗಳಲ್ಲಿ ಆದದ್ದು. ‘ಇದು ನೂರಾರು ವರ್ಷ ಬೆಳೆದ ದಂತಕಥೆ’ ಎನ್ನುವ ನಮ್ಮವರಿಗೆ ಇದು ನೇರ ಉತ್ತರ.

ಆದರೆ 500 ಜನರನ್ನು ‘500 ಸಾಕ್ಷಿಗಳು’ ಎಂದು ಎಣಿಸಬೇಡಿ. ಸಿಕ್ಕಿರುವುದು 500 ಜನ ಕಂಡರು ಎಂಬ ಒಬ್ಬನ ಹೇಳಿಕೆ. ಹೆಸರಿಲ್ಲ, ಊರಿಲ್ಲ, ಸುವಾರ್ತೆಗಳಲ್ಲಿ ಸುಳಿವಿಲ್ಲ. ಪೌಲ ತನಗಾದ ದರ್ಶನವನ್ನೂ ಅದೇ ಪಟ್ಟಿಗೆ ಸೇರಿಸುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಅದು ಬೆಳಕು ಮತ್ತು ಧ್ವನಿ. ಉಳಿದವರು ಕಂಡದ್ದೂ ಅಂಥದೇ ಇರಬಹುದಲ್ಲ ಎಂದು ಕೇಳಿಯೇ ಕೇಳುತ್ತೇವೆ. ಪಟ್ಟಿಯಲ್ಲಿ ಖಾಲಿ ಸಮಾಧಿಯ ಮಾತೂ ಇಲ್ಲ, ಹೆಂಗಸರೂ ಇಲ್ಲ. ಮುಂದಿನ ಪ್ರಶ್ನೆ ಮತ್ತಾಯ 27:52–53 ಆಗಿರುತ್ತದೆ: ಸತ್ತ ಭಕ್ತರು ಎದ್ದು ಪಟ್ಟಣದೊಳಗೆ ಅನೇಕರಿಗೆ ಕಾಣಿಸಿಕೊಂಡರಂತೆ, ಬೇರೆ ಯಾರೂ ಯಾಕೆ ಬರೆಯಲಿಲ್ಲ? ಇದಕ್ಕೆ ಉತ್ತರ ತಯಾರಿಲ್ಲದೆ ಹೋದ ಭಾಷಣಕಾರ ಸಾಮಾನ್ಯವಾಗಿ ಅಲ್ಲಿಂದ ಚೇತರಿಸಿಕೊಳ್ಳುವುದಿಲ್ಲ.

ಇನ್ನು ಸಂಭವನೀಯತೆ. ಪವಾಡ ನಡೆದಿರುವುದಕ್ಕಿಂತ ಅದರ ಸಾಕ್ಷ್ಯ ತಪ್ಪಾಗಿರುವ ಸಾಧ್ಯತೆಯೇ ಹೆಚ್ಚು ಎಂಬ ತತ್ವಜ್ಞಾನಿ ಹ್ಯೂಮನ 1748ರ ವಾದವನ್ನು ಲೆಕ್ಕದಲ್ಲಿ ಇಟ್ಟರೆ ಹೀಗೆ: ಸಾಕ್ಷ್ಯ ನೋಡುವ ಮೊದಲು ಪುನರುತ್ಥಾನದ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು ಎನ್ನಿ. ಬೇರೆಲ್ಲ ವಿವರಣೆಗಿಂತ ಇದೇ ಸಾಕ್ಷ್ಯಕ್ಕೆ ಸಾವಿರ ಪಟ್ಟು ಚೆನ್ನಾಗಿ ಹೊಂದುತ್ತದೆ ಎಂದೂ ಉದಾರವಾಗಿ ಒಪ್ಪಿಕೊಳ್ಳಿ. ಆಗಲೂ ಸಾವಿರಕ್ಕೆ ಒಂದೇ. ಈ ಲೆಕ್ಕ ಮುರಿಯಬೇಕಾದರೆ ಆ ಮೊದಲ ಅಂಕಿಯನ್ನೇ ಪ್ರಶ್ನಿಸಬೇಕು: ಸಹಜವಾಗಿ ಹೆಣ ಏಳುವ ಸಾಧ್ಯತೆ ಬೇರೆ, ಎಬ್ಬಿಸಬಲ್ಲ ದೇವರಿದ್ದರೆ ಸಾಧ್ಯತೆ ಬೇರೆ. ಅಂದರೆ ದೇವರಿದ್ದಾನೆಯೇ ಎಂಬ ವಾದ ಮುಗಿಯದೆ ಪುನರುತ್ಥಾನದ ವಾದ ಮುಗಿಯುವುದಿಲ್ಲ. ನಿಮ್ಮ 20 ನಿಮಿಷದಲ್ಲಿ ಮೊದಲ ಏಳೆಂಟು ನಿಮಿಷ ಅದಕ್ಕೇ ಹೋಗಲಿ.

ನಮ್ಮವರೂ ಕೆಟ್ಟ ವಾದ ತರುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ‘ಯೇಸು ಇರಲೇ ಇಲ್ಲ’ ಎನ್ನುವುದಕ್ಕೆ ಉತ್ತರವಾಗಿ ಮೇಲಿನ ಯಾಕೋಬನ ಸಾಲೇ ಸಾಕು. ‘325ರ ನೈಸಿಯಾ ಸಭೆಯಲ್ಲಿ ಕಾನ್‌ಸ್ಟಂಟೈನ್ ಬೈಬಲ್ ಆರಿಸಿದ’ ಎನ್ನುವುದು ಸುಳ್ಳು. ಅಲ್ಲಿ ನಡೆದದ್ದು ಮುಖ್ಯವಾಗಿ, ಯೇಸು ದೇವರಿಗೆ ಸಮನಲ್ಲ ಎಂಬ ಏರಿಯಸನ ಬೋಧನೆಯ ವಿವಾದ. ಈಗಿನ 27 ಪುಸ್ತಕಗಳ ಪಟ್ಟಿ ಹಾಗೆಯೇ ಮೊದಲು ಕಾಣುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸನ 367ರ ಪತ್ರದಲ್ಲಿ. ‘ಶಿಲುಬೆಗೇರಿಸಿದವರನ್ನು ಯಾರೂ ಹೂಳುತ್ತಿರಲಿಲ್ಲ’ ಎಂದರೆ 1968ರಲ್ಲಿ ಯೆರೂಸಲೇಮಿನಲ್ಲಿ ಸಿಕ್ಕ, ಹಿಮ್ಮಡಿಯಲ್ಲಿ ಮೊಳೆ ಹಾಗೇ ಉಳಿದಿದ್ದ ಅಸ್ಥಿಯನ್ನು ನೆನಪಿಸಿ. ಕುಟುಂಬದ ಸಮಾಧಿಯಲ್ಲಿಟ್ಟ ಅಸ್ಥಿಪೆಟ್ಟಿಗೆಯಲ್ಲಿತ್ತು ಅದು. ಒಂದೇ ಉದಾಹರಣೆ, ಆದರೆ ‘ಯಾರೂ’ ಎಂಬ ಮಾತಿಗೆ ಒಂದು ಸಾಕು.

ಓಲೆಗರಿ:

ಕಾನಾನಿನ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಚರ್ಚೆಗಳು ಸೋಲುವುದು ಇಲ್ಲಿಯೇ. ಧರ್ಮೋಪದೇಶಕಾಂಡ 20:16–18, ಯೆಹೋಶುವ 6, 1 ಸಮುವೇಲ 15:3 ಮೂರನ್ನೂ ಓದಿಟ್ಟುಕೊಳ್ಳಿ. ಕೊನೆಯದರಲ್ಲಿ ಮೊಲೆಗೂಸುಗಳನ್ನೂ ಬಿಡಬೇಡ ಎಂದಿದೆ. ಅದನ್ನು ಮೆತ್ತಗೆ ಮಾಡಲು ಹೋದರೆ ಎದುರಿನವರು ನಿಧಾನವಾಗಿ, ಗಟ್ಟಿಯಾಗಿ ಓದಿ ಕುಳಿತುಕೊಳ್ಳುತ್ತಾರೆ.

‘ಇದು ಯುದ್ಧದ ಉತ್ಪ್ರೇಕ್ಷೆಯ ಭಾಷೆ’ ಎನ್ನುವ ಉತ್ತರಕ್ಕೆ ನಿಜವಾದ ಆಧಾರವಿದೆ. ಕ್ರಿ.ಪೂ. 1208ರ ಸುಮಾರಿನ, ಈಜಿಪ್ಟಿನ ಅರಸ ಮೆರ್ನೆಪ್ತಾನ ಶಾಸನ ‘ಇಸ್ರೇಲಿನ ಬೀಜವೇ ಇಲ್ಲವಾಯಿತು’ ಎನ್ನುತ್ತದೆ. ಕ್ರಿ.ಪೂ. 9ನೇ ಶತಮಾನದ ಮೋವಾಬಿನ ಅರಸ ಮೇಶನೂ ಇಸ್ರೇಲ್ ಶಾಶ್ವತವಾಗಿ ನಾಶವಾಯಿತೆಂದು ಕೆತ್ತಿಸಿದ. ಎರಡು ಸಲವೂ ಇಸ್ರೇಲ್ ಉಳಿದೇ ಇತ್ತು. ನಮ್ಮ ಶಾಸನಗಳ ಪ್ರಶಸ್ತಿ ಭಾಗ ಓದಿದವರಿಗೆ ಈ ಧಾಟಿ ಹೊಸದಲ್ಲ. ಯೆಹೋಶುವ 10:40 ‘ಉಸಿರಾಡುವ ಯಾವುದನ್ನೂ ಉಳಿಸಲಿಲ್ಲ’ ಎಂದರೆ, ನ್ಯಾಯಸ್ಥಾಪಕರು 1 ಹೊರಡಿಸಲಾಗದೆ ಉಳಿದವರ ಪಟ್ಟಿಯನ್ನೇ ಕೊಡುತ್ತದೆ.

ಈ ಉತ್ತರ ಎಲ್ಲಿ ಕುಸಿಯುತ್ತದೆ ಗೊತ್ತೇ? 1 ಸಮುವೇಲ 15ರಲ್ಲೇ. ಅಲ್ಲಿ ಇಸ್ರೇಲಿನ ಅರಸ ಸೌಲ ಅಮಾಲೇಕ್ಯರ ರಾಜ ಅಗಾಗನನ್ನೂ ಒಳ್ಳೆಯ ದನಕುರಿಗಳನ್ನೂ ಉಳಿಸಿದ್ದಕ್ಕೇ ತಿರಸ್ಕೃತನಾಗುತ್ತಾನೆ. ಆಜ್ಞೆ ಬರೀ ಅಲಂಕಾರವಾಗಿದ್ದರೆ ಅರ್ಧಂಬರ್ಧ ಪಾಲಿಸಿದ್ದು ಹೇಗೆ ಅಪರಾಧ? 27ನೇ ಅಧ್ಯಾಯದಲ್ಲಿ ಅಮಾಲೇಕ್ಯರು ಮತ್ತೆ ಬರುತ್ತಾರೆ ಎನ್ನಬಹುದು. ಅದರಿಂದ ಕೊಂದವರ ಸಂಖ್ಯೆ ಕಡಿಮೆಯಾಗುತ್ತದೆ, ಆಜ್ಞೆ ಹಾಗೇ ಉಳಿಯುತ್ತದೆ.

ಎರಡನೆಯ ದಾರಿ ಪುರಾತತ್ವ. 1952–58ರ ಉತ್ಖನನದಲ್ಲಿ ಕ್ಯಾಥ್ಲೀನ್ ಕೆನ್ಯನ್ ಕಂಡಂತೆ ಯೆರಿಕೋ ಕೋಟೆ ಬಿದ್ದದ್ದು ಕ್ರಿ.ಪೂ. 1550ರ ಹೊತ್ತಿಗೆ, ಯೆಹೋಶುವನ ಕಾಲಕ್ಕೆ ಅಲ್ಲಿ ಗೋಡೆಯ ಪಟ್ಟಣವೇ ಇರಲಿಲ್ಲ. ಸಂಹಾರ ನಡೆದೇ ಇಲ್ಲ ಎಂದು ಇದನ್ನು ಬಳಸಿದವರು ಅದೇ ವೇದಿಕೆಯಲ್ಲಿ ‘ಪುರಾತತ್ವ ಬೈಬಲನ್ನು ಪ್ರತಿ ಹೆಜ್ಜೆಗೂ ದೃಢಪಡಿಸಿದೆ’ ಎನ್ನುವ ಹಾಗಿಲ್ಲ. ಮೂರನೆಯದು ಒರಿಗೆನನದು: ಯೆಹೋಶುವನ ಯುದ್ಧಗಳನ್ನು ಪಾಪದ ವಿರುದ್ಧದ ಹೋರಾಟವಾಗಿ ಓದುವುದು. ಹಳೆಯ, ಗೌರವದ ದಾರಿ. ಅಕ್ಷರಾರ್ಥವೇ ಸರಿ ಎನ್ನುವ ಸಭೆಯವರಿಗೆ ದಕ್ಕುವುದಿಲ್ಲ. ನಾಲ್ಕನೆಯದು, ಜೀವ ಕೊಟ್ಟವನಿಗೆ ತೆಗೆಯುವ ಹಕ್ಕಿದೆ ಎನ್ನುವುದು. ಇದಕ್ಕೆ ಬರುವ ಪ್ರಶ್ನೆ: ಇವತ್ತು ಯಾರಾದರೂ ಅಂಥ ಆಜ್ಞೆ ಕೇಳಿಸಿತು ಎಂದರೆ ಯಾವ ಆಧಾರದ ಮೇಲೆ ತಡೆಯುತ್ತೀರಿ? ನನ್ನ ಮಟ್ಟಿಗೆ ಒರಿಗೆನನ ದಾರಿಯೇ ಪ್ರಾಮಾಣಿಕ. ನೀವು ಒಂದನ್ನು ಆರಿಸಿ, ಅದರ ಬೆಲೆಯನ್ನೂ ಹೇಳಿ. ನಾಲ್ಕನ್ನೂ ಒಟ್ಟಿಗೆ ಹೇಳಿದರೆ ಒಂದು ಇನ್ನೊಂದನ್ನು ಕಡಿಯುತ್ತದೆ.

ಗುಲಾಮಗಿರಿಗೆ ‘ಅದು ಸಾಲ ತೀರಿಸುವ ಜೀತ, ಆರು ವರ್ಷ ಅಷ್ಟೆ’ ಎನ್ನಬೇಡಿ. ಅದು ಇಬ್ರಿಯರಿಗೆ ಮಾತ್ರ. ಯಾಜಕಕಾಂಡ 25:44–46ರಲ್ಲಿ ಅನ್ಯಜನರನ್ನು ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಡಬಹುದು ಎಂದಿದೆ. ವಿಮೋಚನಕಾಂಡ 21:20–21 (ಹೊಡೆತ ತಿಂದ ದಾಸ ಒಂದೆರಡು ದಿನ ಬದುಕಿದರೆ ಒಡೆಯನಿಗೆ ಶಿಕ್ಷೆಯಿಲ್ಲ) ಇನ್ನೂ ಕಷ್ಟ. ನಿಮ್ಮ ಕಡೆಗಿರುವುದು 21:16 (ಮನುಷ್ಯನನ್ನು ಕದ್ದು ಮಾರಿದರೆ ಮರಣದಂಡನೆ), ಧರ್ಮೋಪದೇಶಕಾಂಡ 23:15–16 (ಓಡಿಬಂದ ದಾಸನನ್ನು ಒಪ್ಪಿಸಬೇಡ), ಮತ್ತು 4ನೇ ಶತಮಾನದಲ್ಲೇ ಗುಲಾಮಗಿರಿಯನ್ನೇ ಖಂಡಿಸಿದ ನಿಸ್ಸಾದ ಬಿಷಪ್ ಗ್ರೆಗರಿ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಕ್ರೈಸ್ತ ವಿಲ್ಬರ್‌ಫೋರ್ಸನ ಹೆಸರು ಹೇಳಿದರೆ ಎದುರಿನವರು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರ ಹೆಸರು ಹೇಳುತ್ತಾರೆ: 1845ರಲ್ಲಿ ಆ ಪಂಗಡ ಒಡೆದು ಬಂದದ್ದೇ ಗುಲಾಮರ ಒಡೆಯರನ್ನು ಮಿಷನರಿಗಳಾಗಿ ನೇಮಿಸುವ ವಿಷಯಕ್ಕೆ, ತಪ್ಪೊಪ್ಪಿಕೊಂಡದ್ದು 1995ರಲ್ಲಿ.

ಹೊಸಓದುಗ:

ಉಪಕಾರವಾಯಿತು. ಹಾಗಾದರೆ ಅಪೊಸ್ತಲರ ರಕ್ತಸಾಕ್ಷಿಯನ್ನೂ ಬಿಡಬೇಕೆ?

ಕಲ್ಲಚ್ಚು:

‘ಎಲ್ಲರೂ’ ಎಂಬುದನ್ನು ಬಿಡಿ. ಜೆಬೆದಾಯನ ಮಗ ಯಾಕೋಬ ಅಪೊಸ್ತಲರ ಕೃತ್ಯಗಳು 12:2ರಲ್ಲಿ ಇದ್ದಾನೆ. ಯೇಸುವಿನ ತಮ್ಮ ಯಾಕೋಬ ಹನ್ನೆರಡು ಮಂದಿಯಲ್ಲಿ ಒಬ್ಬನಲ್ಲ, ಆದರೆ ಜೋಸೀಫಸನಲ್ಲಿದ್ದಾನೆ. ಪೇತ್ರ, ಪೌಲರ ಬಗ್ಗೆ 1ನೇ ಶತಮಾನದ ಕೊನೆಗೆ ರೋಮಿನಿಂದ ಕೊರಿಂಥಕ್ಕೆ ಹೋದ ಪತ್ರವಿದೆ. ಉಳಿದವರದು ಬಹುಪಾಲು ತಡವಾದ ಕಥನ. ತೋಮ ಭಾರತದಲ್ಲಿ ಈಟಿಯಿಂದ ಸತ್ತನೆಂಬುದು 3ನೇ ಶತಮಾನದ ಬರಹದಿಂದ ಬಂದದ್ದು. ಅದರಲ್ಲಿ ಬರುವ ರಾಜ ಗೊಂಡೋಫರನ ನಾಣ್ಯಗಳು ಸಿಕ್ಕಿವೆ ನಿಜ. ರಾಜನಿದ್ದ ಮಾತ್ರಕ್ಕೆ ಕಥೆಯೆಲ್ಲ ನಡೆದಂತಾಗುವುದಿಲ್ಲ.

ಈ ನಾಲ್ವರನ್ನಷ್ಟೇ ಹೇಳಿ. ಅವರು ಸುಳ್ಳೆಂದು ಗೊತ್ತಿದ್ದೂ ನಟಿಸುತ್ತಿರಲಿಲ್ಲ ಎಂಬಲ್ಲಿಗೆ ನಿಲ್ಲಿಸಿ.

ಸಂಶಯಾತ್ಮ:

ಅಷ್ಟಾದರೆ ನಾವೂ ಒಪ್ಪುತ್ತೇವೆ. ಇನ್ನೊಂದು: ‘ದೇವರಿಲ್ಲದೆ ನೀವು ಒಳ್ಳೆಯವರಾಗಲಾರಿರಿ’ ಎಂದು ಯಾರೂ ಬಾಯಿ ಬಿಡದಿರಲಿ. ನೀವು ಕೇಳಬೇಕಾದದ್ದು, ಒಳ್ಳೆಯದು ಎಂಬುದಕ್ಕೆ ಮನುಷ್ಯರ ಒಪ್ಪಂದದಾಚೆ ನೆಲೆ ಎಲ್ಲಿ ಎಂದು. ಅದಕ್ಕೆ ನಾವು ಪ್ಲೇಟೋನ ಪ್ರಶ್ನೆ ತರುತ್ತೇವೆ: ದೇವರು ಹೇಳಿದ್ದರಿಂದ ಅದು ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರು ಹೇಳಿದನೋ? ‘ಒಳ್ಳೆಯತನ ದೇವರ ಸ್ವಭಾವವೇ’ ಎಂದು ಉತ್ತರಿಸುವ ಯೋಚನೆಯಿದ್ದರೆ, ಕಾನಾನಿನ ಪ್ರಶ್ನೆಗೆ ಕೊಡುವ ಉತ್ತರದ ಜೊತೆ ಅದು ಕೂಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಮ್ಮವರು ಎರಡನ್ನೂ ಒಂದರ ಹಿಂದೆ ಒಂದು ಕೇಳುವುದು ಅದಕ್ಕಾಗಿಯೇ.