ಜಪಸರ ಮುಗಿಯುತ್ತೆ, ಕಾಫಿ ಮುಗಿಯುತ್ತೆ, ಆಮೇಲೆ? ನಮ್ಮ ಕಿರು ಕ್ರೈಸ್ತ ಸಮುದಾಯದ ಬಗ್ಗೆ ಒಂದು ಪ್ರಶ್ನೆ

ವಲಯದ ಅಕ್ಕ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಂಚಿನ ಒಂದು ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ನಾನು ನಮ್ಮ ಕಿರು ಕ್ರೈಸ್ತ ಸಮುದಾಯದ ಸಂಚಾಲಕಿ. ಅಕ್ಕಪಕ್ಕದ ಕಥೋಲಿಕ ಮನೆಗಳ ಗುಂಪು ಅದು, ಒಟ್ಟು 38 ಮನೆ. ತಿಂಗಳಿಗೊಂದು ಸಲ ಒಬ್ಬೊಬ್ಬರ ಮನೇಲಿ ಸೇರ್ತೀವಿ. ಜಪಸರ, ಎರಡು ಹಾಡು, ಶುಭಸಂದೇಶದ ವಾಚನ, ಕೊನೆಗೆ ಕೇಸರಿಬಾತು, ಕಾಫಿ. ಬರೋದು ಅದೇ ಒಂಬತ್ತು ಹತ್ತು ಮನೆಯವರು.

ನಮ್ಮ ಬೀದಿಯಲ್ಲೇ ಒಬ್ಬರು ಅಜ್ಜಿ ಇದ್ದಾರೆ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಮಗ ದುಬೈಯಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮನೆಗೆ ಬಂದು ಏಳು ವಾರ ಮಲಗಿದ್ದರಂತೆ. ನಮಗೆ ಯಾರಿಗೂ ಗೊತ್ತಾಗಲಿಲ್ಲ. ಆ ಏಳು ವಾರದಲ್ಲಿ ಒಂದು ಕೂಟ ಅವರ ಎದುರುಮನೆಯಲ್ಲೇ ನಡೆದಿತ್ತು. ಅವತ್ತು "ರೋಗಿಗಳಿಗಾಗಿ ಪ್ರಾರ್ಥಿಸೋಣ" ಅಂದವಳು ನಾನೇ.

ಅವರ ಮನೆಗೆಲಸದ ಹುಡುಗಿ ತರಕಾರಿ ಗಾಡಿ ಹತ್ತಿರ ಸಿಕ್ಕಿ ಹೇಳಿದ ಮೇಲೆ ಓಡಿ ಹೋದೆ. ಅಜ್ಜಿ ಒಂದು ಮಾತೂ ಬೈಯಲಿಲ್ಲ. "ನೀವು ಹಾಡಿದ್ದು ಕಿಟಕೀಲಿ ಕೇಳಿಸ್ತಮ್ಮ, ಕೊನೇ ಎರಡು ರಹಸ್ಯ ನಿಮ್ಮ ಜೊತೇಲೇ ಹೇಳಿದೆ" ಅಂದರು. (ಜಪಸರದ ಒಂದೊಂದು ಭಾಗಕ್ಕೂ 'ರಹಸ್ಯ' ಅಂತೀವಿ.) ಅವರ ಕೈಯಲ್ಲಿದ್ದ ಜಪಸರ ಒಂದು ಕಡೆ ಕಿತ್ತುಹೋಗಿ, ಹಸಿರು ಹೊಲಿಗೆ ದಾರದಲ್ಲಿ ಗಂಟು ಹಾಕಿಕೊಂಡಿದ್ದರು. ಆ ದಾರ ಇನ್ನೂ ನನ್ನ ಕಣ್ಣ ಮುಂದಿದೆ.

ನಾನು ಹುಟ್ಟಿ ಬೆಳೆದದ್ದು ಕನಕಪುರ ತಾಲ್ಲೂಕಿನ ಹಾರೋಬೆಲೆ ಕಡೆ. ಅಲ್ಲಿ ನೂರು ವರ್ಷಕ್ಕೂ ಮೇಲಿಂದ ಊರವರೇ ವೇಷ ಕಟ್ಟಿ ಕ್ರಿಸ್ತರ 'ಮಹಿಮೆ' ನಾಟಕ ಆಡ್ತಾರೆ. ನಾನು ಚಿಕ್ಕವಳಿದ್ದಾಗ ಒಬ್ಬರ ಮನೇಲಿ ಜ್ವರ ಬಂದರೆ ಪಕ್ಕದ ಮನೇಲಿ ಗಂಜಿ ಬೇಯ್ತಿತ್ತು. ಅದಕ್ಕೆ ಸಂಚಾಲಕಿ, ಹಾಜರಿ ಪುಸ್ತಕ ಬೇಕಿರಲಿಲ್ಲ. ಇಲ್ಲಿ ನಾವು ಎಲ್ಲಿ ತಪ್ತಿದ್ದೀವಿ? ನಿಮ್ಮ ಧರ್ಮಕೇಂದ್ರಗಳಲ್ಲಿ ಹೇಗೆ ಮಾಡ್ತೀರಿ, ದಯವಿಟ್ಟು ಹೇಳಿ.

ಹಳೇ ಉಪದೇಶಿ, ಮೈಸೂರು:
ಅಮ್ಮಾ, ನಿಮ್ಮ ಕೂಟದಲ್ಲಿ ಆರನೇ ಹೆಜ್ಜೆ ಬಿಟ್ಟುಹೋಗಿದೆ. ಬಹಳ ಕಡೆ ಹೀಗೇ ಆಗಿರೋದನ್ನು ಕಂಡಿದ್ದೇನೆ.

ಶುಭಸಂದೇಶ ಹಂಚಿಕೊಳ್ಳುವ 'ಏಳು ಹೆಜ್ಜೆ'ಯ ಕ್ರಮ ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ಬಂದದ್ದು. ಓಸ್ವಾಲ್ಡ್ ಹಿರ್ಮರ್, ಫ್ರಿಟ್ಸ್ ಲೋಬಿಂಗರ್ ಎಂಬ ಜರ್ಮನಿಯ ಇಬ್ಬರು ಗುರುಗಳು ಅಲ್ಲಿ ಅದನ್ನು ಬೆಳೆಸಿದರು. ಮೊದಲು ಪ್ರಭುವನ್ನು ಆಹ್ವಾನಿಸುವುದು, ಆಮೇಲೆ ವಾಚನ. ಮೂರನೆಯದರಲ್ಲಿ ಮನಸ್ಸಿಗೆ ನಾಟಿದ ಪದವನ್ನು ಒಬ್ಬೊಬ್ಬರೂ ಮೂರು ಸಲ ಹೇಳುವುದು. ನಾಲ್ಕನೆಯದು ಮೌನ. ಇದನ್ನು ಅವಸರ ಮಾಡಬೇಡಿ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಮಲೋರ್ಪವದಾಸ್ ಸ್ವಾಮಿಗಳು ಕಟ್ಟಿದ ಅಂಜಲಿ ಆಶ್ರಮಕ್ಕೆ ಹೋಗಿ ಕೂತ ಮೇಲೇ ನನಗೆ ಮೌನದ ಬೆಲೆ ತಿಳಿದದ್ದು. ಐದನೆಯದು ಹಂಚಿಕೆ. ಆರನೆಯದರಲ್ಲಿ "ಈಗ ನಾವು ಮಾಡಬೇಕಾದ ಕೆಲಸ ಏನು?" ಅಂತ ಕೇಳಿಕೊಳ್ಳಬೇಕು. ಏಳನೆಯದು ಪ್ರಾರ್ಥನೆ.

ಕೆಲಸ ಏನು, ಯಾರು, ಯಾವತ್ತು. ಈ ಮೂರನ್ನು ನೋಟ್‌ಬುಕ್ಕಲ್ಲಿ ಬರೆಯಿರಿ. ಮುಂದಿನ ಕೂಟ ಶುರುವಾಗುವುದೇ ಆ ಪುಟ ಓದಿ. ಮೊದಲ ಕೂಟ ಆ ಅಜ್ಜಿಯ ಮನೆಯಲ್ಲೇ ಇಡಿ. ಮಾರ್ಕನ ಶುಭಸಂದೇಶ, 2ನೇ ಅಧ್ಯಾಯ, ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದ ಭಾಗ ಓದಿ.

ಮೇಣದ ಬತ್ತಿ:
ಎಲ್ಲ ಸರಿ, ಆದರೆ ಜಪಸರ ಕಡಿಮೆ ಮಾಡಿ ಸಮಾಜಸೇವೆಗೆ ಇಳಿಯೋದು ನನಗೆ ಒಪ್ಪಿಗೆಯಿಲ್ಲ. 2013ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ಮೊದಲ ಪ್ರಬೋಧನೆಯಲ್ಲೇ, ಕ್ರಿಸ್ತರನ್ನು ಸಾರದೆ ಹೋದರೆ ನಾವು ಬರೀ ಒಂದು ಎನ್‌ಜಿಒ ಆಗ್ತೀವಿ ಅಂತ ಎಚ್ಚರಿಸಿದ್ದರು. ಆ ಅಜ್ಜಿಯನ್ನು ಏಳು ವಾರ ಹಿಡಿದು ನಿಲ್ಲಿಸಿದ್ದು ಜಪಸರವೇ ಅಲ್ಲವೇ?

ಹಳೇ ಉಪದೇಶಿ, ಮೈಸೂರು:
ಖಂಡಿತ ಹೌದು. ಕೈಬಿಡಿ ಅಂತ ನಾನೂ ಹೇಳಲಿಲ್ಲ. ಆ ಜಪಸರವನ್ನು ಅವರ ಹಾಸಿಗೆ ಪಕ್ಕದಲ್ಲಿ ಕೂತು ಹೇಳಿ ಅಂತಿದ್ದೇನೆ.

ತೆನೆಹಬ್ಬ, ಮಂಗಳೂರು:
ನಮ್ಮಲ್ಲಿ ಪ್ರತಿ ವಾಡೋಗೆ, ಅಂದರೆ ಧರ್ಮಕೇಂದ್ರದ ಪ್ರತಿ ವಲಯಕ್ಕೆ, ಒಬ್ಬರು ಗುರ್ಕಾರ್ (ಮುಖಂಡರು) ಇರುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಜನ್ಮದಿನ, ನಮಗೆ ಹೊಸ ಬೆಳೆಯ ಹಬ್ಬ) ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಹೊಸ ಅಕ್ಕಿಯ ಕಾಳನ್ನು ಸುಲಿದು ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಕೂತು ಉಣ್ಣುತ್ತೇವೆ. ಅವತ್ತು ಮೀನು, ಮಾಂಸ ಇಲ್ಲ. ಇಗರ್ಜಿಗೆ ಬರಲಾಗದವರ ಮನೆಗೆ ನಮ್ಮ ಗುರ್ಕಾರ್ ತಾವೇ ತೆನೆ ಒಯ್ಯುತ್ತಾರೆ. ಅವರ ಹತ್ತಿರ ಇರುವ ಪಟ್ಟಿಯಲ್ಲಿ ಮೊದಲ ಪುಟವೇ ಮನೆಯಿಂದ ಹೊರಗೆ ಬರಲಾಗದವರದು. ನೀವೂ ಕೂಟಕ್ಕೆ ಬಂದವರ ಹಾಜರಿ ಬಿಟ್ಟು, ಬಾರದವರ ಹೆಸರು ಬರೆದು ನೋಡಿ ಅಕ್ಕಾ.

ರಾತ್ರಿಪಾಳಿ:
ನಾನು ಕೂಟಕ್ಕೆ ಬಾರದವರ ಕಡೆಯವನು, ಅದಕ್ಕೇ ಬರೀತಿದ್ದೀನಿ. ಸಂಜೆ ಏಳಕ್ಕೆ ನೀವು ಹಾಡು ಶುರು ಮಾಡೋ ಹೊತ್ತಿಗೆ ನಾನು ಕಂಪನಿ ಕ್ಯಾಬಲ್ಲಿ ಇರ್ತೀನಿ. ನಾಲ್ಕು ವರ್ಷ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ಹಬ್ಬದ ವಂತಿಗೆ ಒಂದು ಬಿಟ್ಟು. ಆಮೇಲೆ ಬಡವರಿಗೆ, ರೋಗಿಗಳಿಗೆ ನೆರವಾಗೋ ವಿನ್ಸೆಂಟ್ ದಿ ಪಾಲ್ ಸಭೆಯ ಒಬ್ಬರು ಅಂಕಲ್ ಫೋನ್ ಮಾಡಿ, "ಬೆಳಗ್ಗೆ ಒಬ್ಬರನ್ನು ಡಯಾಲಿಸಿಸ್‌ಗೆ ಬಿಡ್ತೀಯೇನಪ್ಪ?" ಅಂದರು. ಹೋದೆ. ಈಗ ವಾರಕ್ಕೆ ಎರಡು ದಿನ ಹೋಗ್ತೀನಿ. ಆ ಸಭೆಯವರು ಯಾರ ಮನೆಗೆ ಹೋದರೂ ಇಬ್ಬಿಬ್ಬರಾಗಿ ಹೋಗ್ತಾರೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಓಜಾನಮ್ ಮತ್ತು ಗೆಳೆಯರು ಶುರು ಮಾಡಿದಾಗ ಅವರೆಲ್ಲ ನನಗಿಂತ ಚಿಕ್ಕ ಕಾಲೇಜು ಹುಡುಗರು ಅಂತ ಆ ಅಂಕಲೇ ಹೇಳಿದ್ದು. ದಯವಿಟ್ಟು ನಮ್ಮಂಥವರನ್ನು ಕೆಲಸಕ್ಕೆ ಕರೀರಿ ಅಕ್ಕ. ಬರ್ತೀವಿ.

ವಲಯದ ಅಕ್ಕ:
ಎಲ್ಲರಿಗೂ ವಂದನೆ. ನಿನ್ನೆ ಕೂಟ ಅಜ್ಜಿಯ ಮನೆಯಲ್ಲಾಯಿತು. ಹದಿನಾಲ್ಕು ಜನ, ಅರ್ಧ ಮಂದಿ ಮಂಚದ ಸುತ್ತ ನೆಲದ ಮೇಲೆ. ಉಪದೇಶಿಗಳು ಹೇಳಿದ ಭಾಗವನ್ನೇ ಓದಿದೆವು. ಪದ ಆರಿಸುವಾಗ ಅಜ್ಜಿ "ಅವರ ವಿಶ್ವಾಸವನ್ನು ಕಂಡು" ಅಂತ ಮೂರು ಸಲ ಹೇಳಿದರು. "ಮಲಗಿದ್ದವನದು ಅಂತ ಬರೆದಿಲ್ಲ ನೋಡಿ, ಹೊತ್ತು ತಂದವರದೂ ಸೇರಿದೆ" ಅಂದರು. ಮೌನದ ಹೊತ್ತಲ್ಲಿ ನನಗೆ ಕಣ್ಣು ತುಂಬಿ ಬಂತು.

ಆರನೇ ಹೆಜ್ಜೆಗೆ ಅವರನ್ನೇ ಕೇಳಿದೆವು. ತಿಂಗಳ ಮೊದಲ ಶುಕ್ರವಾರ ಸ್ವಾಮಿಗಳು ಪರಮಪ್ರಸಾದ ತರ್ತಾರೆ, ಆದರೂ ಒಂದು ಭಾನುವಾರ ಗುಡಿಯಲ್ಲೇ (ಚರ್ಚಿನಲ್ಲೇ) ಕೂತು ಬಲಿಪೂಜೆ (ಮಾಸ್) ನೋಡಬೇಕು ಅಂದರು. ಕೂರಿಸಿ ಕರೆದೊಯ್ಯಬಹುದು ಅಂತ ಡಾಕ್ಟರೂ ಹೇಳಿದ್ದಾರೆ. ಪಟ್ಟಿಯಲ್ಲಿ ಬರೀ ಹೆಸರಾಗಿದ್ದ ಇಬ್ಬರು ಹುಡುಗರಿಗೆ ಫೋನ್ ಮಾಡಿದೆ. ಇಬ್ಬರೂ ಒಪ್ಪಿದರು. ಎದುರುಮನೆಯ ಅಪ್ಪ, ಮಗ ಸೇರಿದರೆ ನಾಲ್ವರಾದರು.

ಪ್ಲಾಸ್ಟಿಕ್ ಕುರ್ಚೀಲಿ ನನ್ನನ್ನೇ ಕೂರಿಸಿ ಎತ್ತಿ ನೋಡಿದರು, ಕಾಲು ಬಾಗಿತು. ಕೈಯಿರುವ ಮರದ ಕುರ್ಚಿ ಒಂದು ಸಿಕ್ಕಿದೆ. ಮೆಟ್ಟಿಲಿನ ತಿರುವು ಮಾತ್ರ ತೀರಾ ಇಕ್ಕಟ್ಟು. ಇಳಿಸುವಾಗ ಅವರ ಮುಖ ಯಾವ ಕಡೆ ಇರಬೇಕು, ಗಟ್ಟಿ ಆಳು ಮುಂದಿರಬೇಕೋ ಹಿಂದೋ, ಹೀಗೆ ಇಳಿಸಿ ಅಭ್ಯಾಸ ಇರುವವರು ಶನಿವಾರದೊಳಗೆ ತಿಳಿಸಿ.