ರೇಷ್ಮೆ ಚಿತ್ರಗಳಿಗೊಂದು ಜಾಲತಾಣ: ಹೋಸ್ಟಿಂಗ್ ಯಾವುದು, ತಂತ್ರಾಂಶ ಯಾವುದು?

ಪ್ರಶ್ನೆ (ಶಿಡ್ಲಘಟ್ಟದ ಸದಸ್ಯರು):

ಮಾನ್ಯರೇ, ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಹನ್ನೊಂದು ವರ್ಷಗಳಿಂದ ನಮ್ಮ ತಾಲ್ಲೂಕಿನ ರೇಷ್ಮೆ ಕೆಲಸವನ್ನು, ಹಿಪ್ಪುನೇರಳೆ ಸೊಪ್ಪಿನ ಕಟಾವಿನಿಂದ ಹಿಡಿದು ಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚುವ ಮನೆಗಳವರೆಗೆ, ಕ್ಯಾಮೆರಾದಲ್ಲಿ ಹಿಡಿಯುತ್ತ ಬಂದಿದ್ದೇನೆ. ಅವುಗಳಲ್ಲಿ 380 ಚಿತ್ರಗಳನ್ನು ಆಯ್ದು, ಪ್ರತಿಯೊಂದಕ್ಕೂ ಐದಾರು ಸಾಲಿನ ಕನ್ನಡ ವಿವರಣೆಯನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದೇನೆ. ಇವನ್ನು ನನ್ನದೇ ಜಾಲತಾಣದಲ್ಲಿ ಇಡುವ ಆಸೆಯಿದೆ. ಒಬ್ಬರು ‘ಅನ್‌ಲಿಮಿಟೆಡ್’ ಹೋಸ್ಟಿಂಗ್ ಕೊಳ್ಳಿ ಎನ್ನುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಿಟ್‌ಹಬ್‌ನಲ್ಲಿ (ತಂತ್ರಾಂಶ ಬರೆಯುವವರು ಕಡತಗಳನ್ನಿಡುವ ತಾಣ) ಉಚಿತವಾಗಿಯೇ ಆಗುತ್ತದೆ ಎನ್ನುತ್ತಾನೆ. ಯಾವುದನ್ನು ಆರಿಸಿಕೊಳ್ಳಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ (ತುಮಕೂರಿನ ಜಾಲತಾಣ ವಿನ್ಯಾಸಕರು):

ಮೇಷ್ಟ್ರಿಗೆ ನಮಸ್ಕಾರ. ತಾವು ಕೇಳಿದ್ದು ಹೋಸ್ಟಿಂಗ್ ಬಗ್ಗೆ. ಆದರೆ ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಡೊಮೇನ್ ಹೆಸರಿನ, ಅಂದರೆ ಓದುಗರು ಬ್ರೌಸರಿನಲ್ಲಿ ಟೈಪ್ ಮಾಡುವ ತಾಣದ ವಿಳಾಸದ, ವಿಚಾರ. ಹೋಸ್ಟಿಂಗ್ ಎಂಬುದು ತಾಣದ ಕಡತಗಳಿಗೊಂದು ಬಾಡಿಗೆ ಮನೆ, ಸರಿಹೋಗದಿದ್ದರೆ ಬದಲಿಸಬಹುದು. ಹೆಸರು ಮಾತ್ರ ತಮ್ಮ ಕೈಯಲ್ಲೇ ಇರಬೇಕು. ನಮ್ಮೂರಿನ ಸ್ಟುಡಿಯೊ ಒಂದಕ್ಕೆ ಜಾಲತಾಣ ಮಾಡಿಕೊಟ್ಟಿದ್ದವರು ಡೊಮೇನನ್ನು ತಮ್ಮ ಸ್ವಂತ ಇಮೇಲ್ ವಿಳಾಸದಲ್ಲಿ ನೋಂದಾಯಿಸಿ, ಎರಡು ವರ್ಷಗಳ ಬಳಿಕ ಆ ಕೆಲಸವನ್ನೇ ಬಿಟ್ಟರು. ನವೀಕರಣದ ಸೂಚನೆಗಳೆಲ್ಲ ಅವರಿಗೇ ಹೋಗುತ್ತಿದ್ದವು. ಸ್ಟುಡಿಯೊದವರು ನನ್ನ ಬಳಿ ಬರುವ ಹೊತ್ತಿಗೆ ಅವಧಿ ಮುಗಿದು ಆ ಹೆಸರು ಬೇರೆಯವರ ಪಾಲಾಗಿತ್ತು, ಮದುವೆ ಕಾರ್ಡಿನಂತೆ ಅಚ್ಚು ಹಾಕಿಸಿದ್ದ ಅವರ ವಿಸಿಟಿಂಗ್ ಕಾರ್ಡುಗಳೆಲ್ಲ ವ್ಯರ್ಥವಾದವು. ಆದ್ದರಿಂದ ಕೆಲಸವನ್ನು ಯಾರೇ ಮಾಡಿಕೊಡಲಿ, ನೋಂದಣಿ ತಮ್ಮ ಹೆಸರು, ತಮ್ಮ ಇಮೇಲ್, ತಮ್ಮ ಮೊಬೈಲ್ ಸಂಖ್ಯೆಯಲ್ಲೇ ಆಗಲಿ. ಸಾಧ್ಯವಾದರೆ ಡೊಮೇನನ್ನು ಒಂದು ಕಡೆ, ಹೋಸ್ಟಿಂಗನ್ನು ಇನ್ನೊಂದು ಕಡೆ ಕೊಳ್ಳಿ, ಆಗ ಒಂದರ ತಕರಾರು ಇನ್ನೊಂದಕ್ಕೆ ತಟ್ಟುವುದಿಲ್ಲ.

ಇನ್ನು ಜಾಗದ ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವೆಂದರೆ ಉದ್ದ 6000, ಅಗಲ 4000 ಪಿಕ್ಸೆಲ್. ಜೆಪೆಗ್ ಕಡತವೊಂದು ಸುಮಾರು 8 ಎಂಬಿ ಎಂದುಕೊಳ್ಳೋಣ. ಒಂದು ಪುಟದಲ್ಲಿ ಇಂಥ 30 ಚಿತ್ರಗಳನ್ನು ಇದ್ದಂತೆಯೇ ಇಟ್ಟರೆ ನೋಡುವವರು 240 ಎಂಬಿ ಇಳಿಸಿಕೊಳ್ಳಬೇಕಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಇರುವ ರೇಷ್ಮೆ ಬೆಳೆಗಾರರೊಬ್ಬರಿಗೆ, ತಮ್ಮದೇ ಮನೆಯ ಚಿತ್ರ ನೋಡಲು ಆ ದಿನದ ಪಾಲಿನಲ್ಲಿ ಆರನೆಯ ಒಂದು ಭಾಗ ಖರ್ಚಾಗುವುದು ನ್ಯಾಯವಲ್ಲ. ಉದ್ದನೆಯ ಬದಿ 2048 ಪಿಕ್ಸೆಲ್ ಇರುವಂತೆ, ಗುಣಮಟ್ಟ 80ರ ಆಸುಪಾಸಿನಲ್ಲಿಟ್ಟು ರಫ್ತು ಮಾಡಿದರೆ ಅದೇ ಚಿತ್ರ ಸಾಮಾನ್ಯವಾಗಿ ಅರ್ಧ ಎಂಬಿಯ ಸುತ್ತಮುತ್ತ ಬರುತ್ತದೆ, ಪರದೆಯ ಮೇಲೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆಗ ತಮ್ಮ 380 ಚಿತ್ರಗಳಿಗೆ 200 ಎಂಬಿ ಸಾಕು. ಅವುಗಳಿಂದ ತಂತ್ರಾಂಶ ತಯಾರಿಸುವ ಕಿರುಪ್ರತಿಗಳನ್ನೂ ಸೇರಿಸಿದರೆ 1 ಜಿಬಿಯೊಳಗೆ ಎಲ್ಲವೂ ಮುಗಿಯುತ್ತದೆ. ಅಂದಮೇಲೆ ‘ಅನ್‌ಲಿಮಿಟೆಡ್’ ಎಂಬ ಮಾತಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಆ ಮಾತಿನ ಬೆನ್ನಿಗೆ ಸಣ್ಣಕ್ಷರದ ಷರತ್ತೂ ಇರುತ್ತದೆ. ಒಂದೇ ಸರ್ವರನ್ನು ಅನೇಕ ತಾಣಗಳು ಬಳಸುವ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಜಾಗಕ್ಕೆ ಮಿತಿಯಿಲ್ಲವೆಂದರೂ ಕಡತಗಳ ಸಂಖ್ಯೆಗೆ ಮಿತಿಯಿರುವುದು ಸಾಮಾನ್ಯ, ಅದನ್ನು ಐನೋಡ್ ಮಿತಿ ಎನ್ನುತ್ತಾರೆ. ಜಾಲತಾಣದ ಪುಟಗಳನ್ನು ಬ್ರೌಸರಿನಲ್ಲೇ ಬರೆದು ತಿದ್ದಬಹುದಾದ ತಂತ್ರಾಂಶ ವರ್ಡ್‌ಪ್ರೆಸ್‌ಗೆ ಪೂರ್ಣ ಗಾತ್ರದ ಒಂದು ಚಿತ್ರವನ್ನು ಏರಿಸಿದರೆ ಅದು 2560, 2048, 1536, 1024, 768, 300, 150 ಪಿಕ್ಸೆಲ್‌ಗಳ ಪ್ರತಿಗಳನ್ನು ತಾನಾಗಿ ಮಾಡಿಕೊಳ್ಳುತ್ತದೆ, ಮೂಲವೂ ಸೇರಿ ಒಂದು ಚಿತ್ರಕ್ಕೆ ಎಂಟು ಕಡತ. ತಮ್ಮ ಸಂಗ್ರಹಕ್ಕೆ ಇದು ತೊಡಕಾಗದು, ಆದರೆ ಸಾವಿರಗಟ್ಟಲೆ ಚಿತ್ರವುಳ್ಳವರು ಕೊಳ್ಳುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು. ಹಾಗೆಯೇ ಮೊದಲ ವರ್ಷದ ರಿಯಾಯಿತಿ ದರವನ್ನು ನೋಡಿ ಮರುಳಾಗದೆ ನವೀಕರಣದ ದರವೆಷ್ಟು, ಅದರ ಮೇಲೆ 18% ಜಿಎಸ್‌ಟಿ ಎಷ್ಟು ಎಂದು ಕೂಡಿಸಿ ನೋಡಿ. ಸರ್ವರ್ ಭಾರತದಲ್ಲೇ ಇದ್ದರೆ ಒಳ್ಳೆಯದು, ನಮ್ಮ ಓದುಗರಿಗೆ ಪುಟ ಬೇಗ ತೆರೆಯುತ್ತದೆ. ತಾಣ ಮತ್ತು ಓದುಗರ ನಡುವಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿಯೇ ನೀಡುತ್ತದೆ.

ತಮ್ಮ ವಿದ್ಯಾರ್ಥಿ ಹೇಳಿದ್ದು ತಪ್ಪಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ 1 ಜಿಬಿವರೆಗಿನ ತಾಣವನ್ನು ಉಚಿತವಾಗಿ ಇಡಬಹುದು, ಹ್ಯೂಗೊ ಅಥವಾ ಜೆಕಿಲ್ ಎಂಬ ತಂತ್ರಾಂಶ ಬಳಸಿ ಮೊದಲೇ ಕಟ್ಟಿಟ್ಟ ಸ್ಥಿರ ಪುಟಗಳು ಬಹಳ ಚುರುಕಾಗಿಯೂ ಇರುತ್ತವೆ. ಆದರೆ ಒಂದು ವಿವರಣೆಯಲ್ಲಿ ಕಾಗುಣಿತ ತಿದ್ದಬೇಕಾದರೂ ಕಡತ ತೆರೆದು, ಬದಲಿಸಿ, ಮತ್ತೆ ಕಳುಹಿಸಬೇಕು. ಆ ಹುಡುಗ ಕೆಲಸಕ್ಕೆಂದು ದೂರ ಹೋದ ದಿನ ತಮ್ಮ ತಾಣ ಅಲ್ಲಿಗೇ ನಿಂತುಬಿಡುತ್ತದೆ. ತಮ್ಮಲ್ಲಿ ಚಿತ್ರದಷ್ಟೇ ಬರಹಕ್ಕೂ ತೂಕವಿರುವುದರಿಂದ, ತಾವೇ ಕೂತು ತಿದ್ದಬಹುದಾದ ವರ್ಡ್‌ಪ್ರೆಸ್ ಸಾಕು ಎಂಬುದು ನನ್ನ ಅಭಿಪ್ರಾಯ. ಹಗುರವಾದ ಒಂದು ಥೀಮ್ (ಪುಟದ ಸಿದ್ಧ ವಿನ್ಯಾಸ) ಇರಲಿ. ಗ್ಯಾಲರಿಗಾಗಿ ಹತ್ತಾರು ಪ್ಲಗಿನ್ (ಸೇರ್ಪಡೆ ತಂತ್ರಾಂಶ) ತುಂಬಬೇಡಿ, ವರ್ಡ್‌ಪ್ರೆಸ್‌ನ ಸ್ವಂತ ಗ್ಯಾಲರಿ ಬ್ಲಾಕ್ ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ.

ತಮ್ಮ ನಿಜವಾದ ಶ್ರಮ ಇರುವುದು ವಿವರಣೆಗಳಲ್ಲಿ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಗುರುತಿಸುವ ಯೂನಿಕೋಡ್ ಅಲ್ಲ, ಹಾಗೆಯೇ ಅಂಟಿಸಿದರೆ ಓದುಗರಿಗೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆಯಾದರೂ ಅರ್ಕಾವೊತ್ತು, ಒತ್ತಕ್ಷರಗಳು ಕೆಲವೊಮ್ಮೆ ಸ್ಥಳ ಬದಲಿಸುತ್ತವೆ, ಆದ್ದರಿಂದ ಪ್ರತಿ ಸಾಲನ್ನೂ ಕಣ್ಣಾರೆ ಓದಿ ತಿದ್ದಬೇಕು. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿಡಿ. ವರ್ಡ್‌ಪ್ರೆಸ್ ವಿಳಾಸದ ತುಣುಕಿಗೆ 200 ಅಕ್ಷರಗಳ ಮಿತಿಯಿದೆ, ಒಂದೊಂದು ಕನ್ನಡ ಚಿಹ್ನೆಯೂ ಅಲ್ಲಿ ಒಂಬತ್ತು ಅಕ್ಷರಗಳಾಗಿ ಬದಲಾಗುತ್ತದೆ, ಹೀಗಾಗಿ ಗುಣಿತದ ಚಿಹ್ನೆಗಳೂ ಸೇರಿ ಇಪ್ಪತ್ತೆರಡಕ್ಕೇ ಶೀರ್ಷಿಕೆ ತುಂಡಾಗುತ್ತದೆ.

ಮರುಪ್ರಶ್ನೆ (ಶಿಡ್ಲಘಟ್ಟದ ಸದಸ್ಯರು):

ತುಂಬಾ ಉಪಕಾರವಾಯಿತು. ತಾವು ಹೇಳಿದ ಗಾತ್ರದಲ್ಲಿ ನಾಲ್ಕು ಚಿತ್ರಗಳನ್ನು ಸಿದ್ಧಪಡಿಸಿ ಮೊಬೈಲ್‌ನಲ್ಲಿ ನೋಡಿದೆ. ಚಂದ್ರಂಕಿಯ (ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟೆ) ತುಂಬ ಹಳದಿ ಗೂಡು ಕಟ್ಟಿರುವ ಚಿತ್ರವೊಂದಿದೆ, ನನ್ನ ಕಂಪ್ಯೂಟರಿನಲ್ಲಿ ಅರಿಶಿನದಂತೆ ಹೊಳೆಯುವ ಆ ಬಣ್ಣ ಮೊಬೈಲ್‌ನಲ್ಲಿ ಹಳೆಯ ಸುಣ್ಣದ ಗೋಡೆಯ ಹಾಗೆ ಮಂಕಾಗಿದೆ. ಗಾತ್ರ ಇಳಿಸಿದ್ದರಿಂದ ಹೀಗಾಯಿತೇ?

ಉತ್ತರ:

ಗಾತ್ರದಿಂದಲ್ಲ, ಮೇಷ್ಟ್ರೇ. ತಮ್ಮ ಕ್ಯಾಮೆರಾದ ಜೆಪೆಗ್ ಬಹುಶಃ ಅಡೋಬಿ ಆರ್‌ಜಿಬಿ ಬಣ್ಣ ವ್ಯಾಪ್ತಿಯಲ್ಲಿದೆ, ಗಾತ್ರ ಇಳಿಸುವಾಗ ಅದರ ಪ್ರೊಫೈಲ್, ಅಂದರೆ ಯಾವ ಬಣ್ಣ ವ್ಯಾಪ್ತಿಯೆಂದು ಹೇಳುವ ಗುರುತು, ಕಳಚಿಹೋಗಿದೆ. ಪ್ರೊಫೈಲ್ ಇಲ್ಲದ ಚಿತ್ರವನ್ನು ಬ್ರೌಸರ್ ಅದಕ್ಕಿಂತ ಕಿರಿದಾದ ಎಸ್‌ಆರ್‌ಜಿಬಿ ಎಂದೇ ತಿಳಿದು ತೋರಿಸುತ್ತದೆ, ಆಗ ಗಾಢ ಬಣ್ಣಗಳು ಪೇಲವವಾಗುತ್ತವೆ. ರಫ್ತು ಮಾಡುವ ಕಿಟಕಿಯಲ್ಲಿ ಬಣ್ಣ ವ್ಯಾಪ್ತಿಯನ್ನು ಎಸ್‌ಆರ್‌ಜಿಬಿ ಎಂದು ಆರಿಸಿ, ಪ್ರೊಫೈಲ್ ಸೇರಿಸುವ ಆಯ್ಕೆಗೂ ಗುರುತು ಹಾಕಿ. ಉಚಿತ ತಂತ್ರಾಂಶವಾದ ಡಾರ್ಕ್‌ಟೇಬಲ್‌ನಲ್ಲೂ ಇದು ಸಾಧ್ಯ. ಮೂಲ ಕಡತದಿಂದಲೇ ಮತ್ತೆ ರಫ್ತು ಮಾಡಬೇಕು, ಮಂಕಾದ ಪ್ರತಿಯನ್ನು ತಿದ್ದಲು ಹೋಗಬೇಡಿ.

ಪ್ರಶ್ನೆ (ತುಮಕೂರಿನ ಇನ್ನೊಬ್ಬ ಸದಸ್ಯರು):

ನನ್ನಲ್ಲಿ ಕಗ್ಗಲಡುವಿನ ಬಣ್ಣದ ಕೊಕ್ಕರೆ, ಮೈದನಹಳ್ಳಿಯ ಕೃಷ್ಣಮೃಗ ಸೇರಿದಂತೆ ಆರು ಸಾವಿರ ವನ್ಯಜೀವಿ ಚಿತ್ರಗಳಿವೆ. ಬರಹ ಹೆಚ್ಚಿಲ್ಲ. ನನಗೂ ವರ್ಡ್‌ಪ್ರೆಸ್ ಸರಿಯೇ?

ಉತ್ತರ:

ತಮಗೆ ಪಿವಿಗೊ ಸೂಕ್ತವೆಂದು ತೋರುತ್ತದೆ. ಅದು ಚಿತ್ರ ಸಂಗ್ರಹಗಳಿಗೆಂದೇ ರೂಪಿಸಿದ ಮುಕ್ತ ತಂತ್ರಾಂಶ, ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಸಾಮಾನ್ಯ ಹೋಸ್ಟಿಂಗ್‌ನಲ್ಲೇ ನಡೆಯುತ್ತದೆ. ನೂರಾರು ಚಿತ್ರಗಳಿಗೆ ಒಟ್ಟಿಗೇ ಟ್ಯಾಗ್ ಹಾಕುವುದು, ಒಂದೇ ಚಿತ್ರವನ್ನು ಎರಡು ಆಲ್ಬಮ್‌ಗಳಲ್ಲಿ ತೋರಿಸುವುದು ಅದರಲ್ಲಿ ಸುಲಭ. ಆರು ಸಾವಿರಕ್ಕೆ ಮೇಲೆ ಹೇಳಿದ ಐನೋಡ್ ಮಿತಿಯನ್ನು ತಪ್ಪದೆ ವಿಚಾರಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಜಿಪಿಎಸ್ ಇರುವ ಕ್ಯಾಮೆರಾ ಅಥವಾ ಮೊಬೈಲ್ ಚಿತ್ರದೊಳಗೇ ಅಕ್ಷಾಂಶ ರೇಖಾಂಶಗಳನ್ನು ಬರೆದಿಡುತ್ತದೆ. ಕಗ್ಗಲಡು ಎಲ್ಲರಿಗೂ ಗೊತ್ತಿರುವ ಜಾಗ, ಊರಿನವರೇ ಆ ಹಕ್ಕಿಗಳನ್ನು ಕಾಯುತ್ತಾರೆ. ಆದರೆ ಬಂಡೆಯ ಸಂದಿಯಲ್ಲಿ ಮರಿ ಮಾಡಿರುವ ಗೂಬೆಯ ಜಾಡನ್ನು ನಾವೇ ಜಗತ್ತಿಗೆ ಕೊಡಬಾರದು. ರಫ್ತು ಮಾಡುವಾಗ ಸ್ಥಳದ ಮಾಹಿತಿಯನ್ನು ತೆಗೆದುಹಾಕಿ, ಹೆಸರು ಮತ್ತು ಹಕ್ಕುಸ್ವಾಮ್ಯದ ಸಾಲನ್ನು ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ (ಕೋಲಾರದ ಸದಸ್ಯರು):

ಸರ್, ಈ ಹೋಸ್ಟಿಂಗ್‌ನಲ್ಲೇ ನನ್ನ ಮೂಲ ಕಡತಗಳನ್ನೂ ಇಟ್ಟರೆ ಹಾರ್ಡ್ ಡಿಸ್ಕ್ ಖರ್ಚು ಉಳಿಯುವುದಿಲ್ಲವೇ?

ಉತ್ತರ:

ದಯವಿಟ್ಟು ಹಾಗೆ ಮಾಡಬೇಡಿ. ಜಾಲತಾಣದ ಹೋಸ್ಟಿಂಗನ್ನು ಉಗ್ರಾಣದಂತೆ ಬಳಸುವುದನ್ನು ಅನೇಕ ಕಂಪನಿಗಳ ನಿಯಮಗಳೇ ಒಪ್ಪುವುದಿಲ್ಲ, ನವೀಕರಣ ತಪ್ಪಿದರೆ ಎಲ್ಲವೂ ಅಳಿಸಿಹೋಗಬಹುದು. ಮೂಲ ಕಡತಗಳು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿರಲಿ, ಅವುಗಳಲ್ಲೊಂದು ಬೇರೆ ಮನೆಯಲ್ಲಿರಲಿ. ತಾಣದ ಬ್ಯಾಕಪ್ಪನ್ನು ತಿಂಗಳಿಗೊಮ್ಮೆ ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇಳಿಸಿಕೊಂಡದ್ದನ್ನು ಒಮ್ಮೆಯಾದರೂ ಖಾಲಿ ಜಾಗದಲ್ಲಿ ಮರುಸ್ಥಾಪಿಸಿ, ಚಿತ್ರವೂ ಅದರ ಕೆಳಗಿನ ಕನ್ನಡವೂ ಸರಿಯಾಗಿ ಬರುತ್ತವೆಯೇ ಎಂದು ನೋಡಿ.