ಮರು: ‘ಅಟ್ರೀಸಿಯಾ’ಕ್ಕೆ ಪದ ಬೇಕು (ನವಜಾತ ಶಿಶು ವಿಭಾಗದ ಫಲಕಕ್ಕೆ)

ಅಟ್ರೀಸಿಯಾ, ಎಂದರೆ ದೇಹದ ನಾಳ ಅಥವಾ ದ್ವಾರ ಹುಟ್ಟಿನಿಂದಲೇ ಸರಿಯಾಗಿ ರೂಪುಗೊಳ್ಳದಿರುವುದಕ್ಕೆ, ಹೆತ್ತವರಿಗೆ ತಿಳಿಯುವ ಕನ್ನಡ ಪದ ಕೇಳಿದ್ದೀರಿ, ಹಲವು ಸಲಹೆಗಳೂ ಬಂದಿವೆ. ಫಲಕ ನಾಳೆಯೇ ಅಚ್ಚಿಗೆ ಹೋಗಬೇಕಾಗಿರುವುದರಿಂದ ಮೊದಲು ಉತ್ತರ, ಆಮೇಲೆ ಆ ಸಲಹೆಗಳ ಬಗ್ಗೆ ತಕರಾರು. ಅನ್ನನಾಳದ ಅಟ್ರೀಸಿಯಾಕ್ಕೆ ‘ಹುಟ್ಟಿನಿಂದಲೇ ಅನ್ನನಾಳ ಜಠರಕ್ಕೆ ಕೂಡದಿರುವುದು’ ಎಂದೂ, ಗುದದ ತೊಂದರೆಗೆ ‘ಗುದದ್ವಾರ ರೂಪುಗೊಳ್ಳದಿರುವುದು’ ಎಂದೂ ಬರೆಯಿರಿ.

‘ಅನ್ನನಾಳ ಸಂಕೋಚ’ ಎಂಬ ಸಲಹೆ ತಪ್ಪು. ಸಂಕೋಚವೆಂದರೆ ದಾರಿ ಇದೆ, ಕಿರಿದಾಗಿದೆ ಎಂದರ್ಥ, ಅದು ಸ್ಟೆನೋಸಿಸ್. ‘ಮುಚ್ಚಿದ ಅನ್ನನಾಳ’ವೂ ಸಾಲದು. ಹೆಚ್ಚಾಗಿ ಕಾಣುವ ಬಗೆಯಲ್ಲಿ ಅನ್ನನಾಳದ ಮೇಲ್ಭಾಗ ಚೀಲದಂತೆ ನಡುದಾರಿಯಲ್ಲೇ ಮುಗಿದು, ಕೆಳಭಾಗ ಶ್ವಾಸನಾಳಕ್ಕೆ ಸೇರಿಕೊಂಡಿರುತ್ತದೆ. ಮಗುವಿನ ಬಾಯಲ್ಲಿ ನೊರೆನೊರೆಯಾದ ಜೊಲ್ಲು ಸುರಿಯುತ್ತಲೇ ಇರುತ್ತದೆ, ಹಾಲು ಕುಡಿಸಿದೊಡನೆ ಕೆಮ್ಮಿ ನೀಲಿಗಟ್ಟುತ್ತದೆ, ಒಳಗಿಳಿಸಿದ ನಳಿಕೆ 10 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. 1941ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶಸ್ತ್ರವೈದ್ಯ ಕ್ಯಾಮರಾನ್ ಹೈಟ್ ಮೊದಲ ಬಾರಿಗೆ ಯಶಸ್ವಿಯಾಗಿ ಮಾಡಿದ್ದು ಈ ಎರಡು ತುದಿಗಳನ್ನು ಹೊಲಿದು ಕೂಡಿಸುವ ಕೆಲಸವನ್ನೇ ಹೊರತು ಮುಚ್ಚಿದ್ದನ್ನು ತೆರೆಯುವ ಕೆಲಸವನ್ನಲ್ಲ.

ಗುದದ ತೊಂದರೆಗೆಂದು ಆಯುರ್ವೇದದ ಸುಶ್ರುತಸಂಹಿತೆಯಿಂದ ‘ಸನ್ನಿರುದ್ಧಗುದ’ವನ್ನು ಎತ್ತಿ ತಂದವರು ಅದರ ನಿದಾನವನ್ನು, ಅಂದರೆ ರೋಗದ ಕಾರಣವನ್ನು, ಓದಿದಂತಿಲ್ಲ. ಮಲವೇಗವನ್ನು ತಡೆಯುವುದರಿಂದ ಗುದಮಾರ್ಗ ಕಿರಿದಾಗುತ್ತದೆಂದು ಅಲ್ಲಿ ಹೇಳಿದೆ. ಆಗತಾನೆ ಹುಟ್ಟಿದ ಕೂಸಿಗೆ ಅದು ಹೇಗೆ ಒಪ್ಪೀತು?

‘ಜನ್ಮದೋಷ’ವನ್ನಂತೂ ಯಾವ ಕಾರಣಕ್ಕೂ ಬಳಸಬೇಡಿ. ದೋಷ ಎಂದೊಡನೆ ನಮ್ಮ ಮನೆಗಳಲ್ಲಿ ಜಾತಕ, ಗ್ರಹಣ, ಬಸುರಿ ಏನನ್ನೋ ತಿಂದದ್ದು, ಎಲ್ಲವೂ ವಿಚಾರಣೆಗೆ ಬಂದು ಕೊನೆಗೆ ತಪ್ಪು ತಾಯಿಯ ತಲೆಗೆ ಸುತ್ತಿಕೊಳ್ಳುತ್ತದೆ. ಅನ್ನನಾಳ ಮತ್ತು ಶ್ವಾಸನಾಳ ಬೇರ್ಪಡತೊಡಗುವುದು ಭ್ರೂಣಕ್ಕೆ 4 ವಾರವಾಗುವ ಹೊತ್ತಿಗೆ. ಆಗ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬುದೇ ಖಚಿತವಾಗಿರುವುದಿಲ್ಲ. ಅಚ್ಚಗನ್ನಡವೆಂದು ಮುಂದಿಟ್ಟಿರುವ ‘ಹುಟ್ಟುಕುಂದು’ ಕೂಡ ಇದೇ ಹಾದಿಯದು, ಏಕೆಂದರೆ ಕುಂದು ಎಂಬ ಮಾತಿನಲ್ಲೂ ಕಳಂಕದ ನೆರಳಿದೆ.

ಎರವಲು ಪದಗಳ ಬಗ್ಗೆ ನನ್ನ ನಿಲುವು ಇಷ್ಟು. ದೊಡ್ಡಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿಲ್ಲದೆ ಮಲ ಮುಂದೆ ಸಾಗದ ಕಾಯಿಲೆಯನ್ನು 1886ರಲ್ಲಿ ವಿವರಿಸಿದವರು ಡೆನ್ಮಾರ್ಕಿನ ವೈದ್ಯ ಹಿರ್ಶ್‌ಸ್ಪ್ರಂಗ್. ಕಾಯಿಲೆಗೆ ಅವರದೇ ಆದ ಆ ಹೆಸರು ಹಾಗೆಯೇ ಇರಲಿ. ಡಿಸ್ಚಾರ್ಜ್ ಚೀಟಿಯಲ್ಲಿರುವುದೂ ಮುಂದಿನ ಆಸ್ಪತ್ರೆಯಲ್ಲಿ ತಂದೆತಾಯಿ ಹೇಳಬೇಕಾಗಿರುವುದೂ ಅದೇ. ‘ನರಗೆಟ್ಟ ಕರುಳು’ ಎಂದು ಹೊಸದಾಗಿ ಟಂಕಿಸಿದರೆ ಯಾವ ವೈದ್ಯರಿಗೂ ತಿಳಿಯದು, ಹೆತ್ತವರಿಗೆ ಭಯ ಮಾತ್ರ ಹೆಚ್ಚುತ್ತದೆ.

ಇನ್ನೊಂದು ತಿದ್ದುಪಡಿ. ನಿಮ್ಮ ಕರಡಿನ ‘ಪಿತ್ತಯುಕ್ತ ವಮನ’ವನ್ನು ತೆಗೆದು ‘ಹಸಿರು ವಾಂತಿ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿಸಿ. ಪಿತ್ತವೆಂದರೆ ನಮ್ಮವರಿಗೆ ನಿಂಬೆಹಣ್ಣಿನಿಂದ ಇಳಿಯುವ ಬಾಧೆ, ಆದರೆ ನವಜಾತ ಶಿಶು ಹಸಿರಾಗಿ ವಾಂತಿ ಮಾಡಿಕೊಂಡರೆ ಕರುಳು ತಿರುಚಿಕೊಂಡಿರಬಹುದು, ಕೆಲವೇ ಗಂಟೆಗಳಲ್ಲಿ ರಕ್ತವಿಲ್ಲದೆ ಆ ಕರುಳು ಸತ್ತುಹೋಗಬಹುದು. ಅದರ ಕೆಳಗೆ ‘ಹುಟ್ಟಿ 24 ಗಂಟೆ ಕಳೆದರೂ ಮಗು ಕಪ್ಪಗೆ ಕಕ್ಕ ಮಾಡದಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ’ ಎಂಬ ಸಾಲೂ ಇರಲಿ. ‘ಕಕ್ಕ’ವನ್ನು ಯಾರೂ ‘ಮಲವಿಸರ್ಜನೆ’ ಎಂದು ತಿದ್ದದಿರಲಿ.